ಔಷಧಿ ಕ್ಯಾನಿನ ಹಾಡು

ಪಿಸುಮಾತು ಅಂಟುರೋಗದ ಹಾಗೆ. ಎದುರಿಗಿರುವವರು ಪಿಸುಗುಟ್ಟಿದರೆ ನಮಗೇ ಗೊತ್ತಿಲ್ಲದೆ ನಾವೂ ಪಿಸುಗುಟ್ಟತೊಡಗುತ್ತೇವೆ. ನನ್ನ ಯಜಮಾನರು ಗಂಟಲಿನ ಆಪರೇಷನ್ ಮುಗಿಸಿಕೊಂಡು ಮಂಗಳೂರಿನಿಂದ ಮನೆಗೆ ಬಂದ ಮೇಲೆ ನಮ್ಮಲ್ಲಿ ಆದದ್ದು ಅದೇ. ಅವರು ಬರೀ ಉಸಿರಿನಲ್ಲಿ "ನೀರು ಕೊಡು" ಅನ್ನುವರು. ನಾನೂ ಅಷ್ಟೇ ಮೆತ್ತಗೆ "ಬಿಸೀದಾ, ತಣ್ಣಂದಾ?" ಅನ್ನುವೆ. ನನ್ನ ಗಂಟಲಿಗೇನು ಧಾಡಿಯಾಗಿತ್ತು? ಆದರೂ ದನಿ ಏಳುತ್ತಿರಲಿಲ್ಲ. ತೊಟ್ಟಿಲಲ್ಲಿ ಕೂಸು ಮಲಗಿಸಿದ ಮನೆಯ ಹಾಗೆ, ಪಾತ್ರೆ ಸದ್ದಾಗದಂತೆ ಇಡುವುದು, ಬಾಗಿಲನ್ನು ಮೆಲ್ಲಗೆ ಮುಂದೆ ಮಾಡುವುದು. ನಾಯಿ ಕೂಡ ಬೊಗಳುವುದು ಕಡಿಮೆ ಮಾಡಿದೆ ಅಂತ ನನಗೆ ಅನ್ನಿಸುತ್ತಿತ್ತು. ಅದು ನಿಜವಿರಲಾರದು. ಆದರೆ ಆ ದಿನಗಳೆಲ್ಲ ಈಗಲೂ ನನಗೆ ಮಧ್ಯಾಹ್ನದ ನಿದ್ದೆಯಲ್ಲಿ ಕಂಡ ಹಾಗೆಯೇ ನೆನಪಾಗುತ್ತವೆ, ಅದರಲ್ಲಿ ಯಾವುದು ನಡೆದದ್ದು ಯಾವುದು ಅನ್ನಿಸಿದ್ದು ಎಂದು ಬೇರೆ ಮಾಡಲು ನನಗೆ ಬರುವುದಿಲ್ಲ.

ಗಂಟಲೊಳಗೆ ಬೆಳೆದಿದ್ದ ಗಂಟನ್ನು ತೆಗೆಯುವಾಗ ದನಿಯ ಜಾಗವೂ ಒಂದಿಷ್ಟು ಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಪ್ರಾಣಕ್ಕೇನೂ ಭಯವಿಲ್ಲ, ಊಟ ತಿಂಡಿಗೆ ತೊಂದರೆಯಿಲ್ಲ, ಮೊದಲಿನ ದನಿಯ ಆಸೆ ಮಾತ್ರ ಬೇಡ ಅಂದಿದ್ದರು. ಇವರು ತಲೆಯಾಡಿಸಿ ಒಪ್ಪಿಕೊಂಡರು. ಪ್ರಾಣ ಉಳಿಯುತ್ತದೆ ಅಂದಾಗ ಯಾರು ತಾನೇ ದನಿಗೆ ಚೌಕಾಸಿ ಮಾಡುತ್ತಾರೆ? ಮಾಡಬೇಕಾಗಿ ಬರುವುದು ಆಮೇಲೆ, ಮನೆಗೆ ಬಂದ ಮೇಲೆ.

ಇವರ ದನಿ ಎಂಥದ್ದು ಎಂದು ಹೇಳಬೇಕು. ಬಣಕಲ್ಲಿನಿಂದ ಒಳಗೆ ಹೋದರೆ ಗುಡ್ಡದ ನೆತ್ತಿಯ ಮೇಲೆ ನಮ್ಮ ಮನೆ. ಮನೆಯ ಮುಂದೆ ಕಾಫಿ ಒಣಗಿಸುವ ಕಣ. ಕಣದ ಅಂಚಿನಿಂದ ತೋಟ ಇಳಿಯುತ್ತಾ ಇಳಿಯುತ್ತಾ ಕೆಳಗೆ ಹಳ್ಳದವರೆಗೆ ಹೋಗುತ್ತದೆ. ಹಳ್ಳದ ಪಕ್ಕದ ತುಂಡಿಗೆ ನಾವು ಕೆಳತೋಟ ಅನ್ನುವುದು. ಅಲ್ಲಿ ಮೊಬೈಲಿನ ಸಿಗ್ನಲ್ ಇಲ್ಲ, ಇದ್ದದ್ದೂ ಇಲ್ಲ. ಹಾಗಾಗಿ ನಮ್ಮ ಕಡೆ ಇವತ್ತಿಗೂ ತೋಟದಲ್ಲಿರುವವರನ್ನು ಕೂಗಿಯೇ ಕರೆಯುವುದು. ಕಣದ ತುದಿಯಲ್ಲಿ ನಿಂತು ಕೈಯನ್ನು ಬಾಯಿಗೆ ಆನಿಸಿ "ಕೂ…" ಎಂದರೆ ಕೆಳಗಿನಿಂದ "ಓ…" ಬರುತ್ತದೆ, ಅಷ್ಟಕ್ಕೇ ಅರ್ಧ ಸಮಾಚಾರ ಮುಗಿದಿರುತ್ತದೆ. ಇವರು ಹಳ್ಳದ ಹತ್ತಿರ ನಿಂತು ಕೂಗಿದರೆ ಅದು ನಮ್ಮ ಅಡುಗೆಮನೆಗೆ ಮಾತ್ರ ಅಲ್ಲ, ಆಚೆ ಗುಡ್ಡದ ಮನೆಗೂ ಮುಟ್ಟುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ನಾಚಿಕೆಯಾಗುತ್ತಿತ್ತು. "ಸಾರಿಗೆ ಉಪ್ಪು ಜಾಸ್ತಿ ಆಗಿತ್ತು" ಅನ್ನುವುದನ್ನೂ ಈ ಮನುಷ್ಯ ಕೆಳತೋಟದಿಂದ ಕೂಗಿ ಹೇಳಿದವರು. ಮಾರನೆಯ ದಿನ ಬಸ್ಸಿನಲ್ಲಿ ಆಚೆ ಗುಡ್ಡದ ಹೆಂಗಸೊಬ್ಬರು ನನ್ನನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು.

ಅಂಥವರು ಕೆಳತೋಟಕ್ಕೆ ಹೋಗುವುದನ್ನೇ ಬಿಟ್ಟರು. ಮೈಯಲ್ಲಿ ಶಕ್ತಿ ಇರಲಿಲ್ಲ ಅಂತಲ್ಲ. ಕಣದವರೆಗೆ ಬರುವರು, ಅಂಚಿನಲ್ಲಿ ನಿಂತು ಕೆಳಗೆ ನೋಡುವರು, ವಾಪಸ್ಸು ಬಂದು ಕುರ್ಚಿಯಲ್ಲಿ ಕೂರುವರು. ಒಂದು ದಿನ ನಾನು ಕೇಳಿದೆ.

"ಎಂತಕ್ಕೆ ಹೋಗೋದಿಲ್ಲ ನೀವು? ಡಾಕ್ಟ್ರು ಅಡ್ಡಾಡಿ ಅಂದಾರಲ್ಲ."

"ಬಿದ್ರೆ ಕೂಗೋಕೆ ಆಗ್ತದಾ? ಆನೆ ಬಂದ್ರೆ? ಯಾರಾದ್ರೂ ಕರೆದ್ರೆ ಓ ಅನ್ನೋಕೆ ಆಗ್ತದಾ?" ಎಂದು ಉಸಿರಿನಲ್ಲಿ ಹೇಳಿದರು. ಕಣದ ಅಂಚಿನ ಕಡೆ ನೋಡುತ್ತಾ, "ಅಲ್ಲಿ ನಾ ಇದ್ರೂ ಒಂದೇ ಇಲ್ದಿದ್ರೂ ಒಂದೇ ಮಾರಾಯ್ತಿ" ಅಂದರು.

ನನ್ನ ಸ್ವಭಾವ ಹೇಗೆಂದರೆ, ಅಳು ಬರುವ ಕಡೆ ಮೊದಲು ಸಿಟ್ಟು ಬರುತ್ತದೆ. "ಹಾಗೆಲ್ಲ ಮಾತಾಡಿದ್ರೆ ನೋಡಿ" ಎಂದು ಗದರಿ ಒಳಗೆ ಹೋದೆ. ಒಳಗೆ ಹೋಗಿ ಏನು ಮಾಡಿದೆ ಅನ್ನುವುದು ಯಾರಿಗೂ ಬೇಡ.

ಅದಾದ ಮೇಲೆ ಆಚೆ ಗುಡ್ಡದ ನೆಂಟರೊಬ್ಬರು ಬಂದರು. ದೂರದ ಸಂಬಂಧದಲ್ಲಿ ಮೈದುನನಾಗಬೇಕು, ಒಳ್ಳೆಯ ಮನುಷ್ಯ. ಕೆಳತೋಟ ಹಾಳು ಬೀಳುವುದು ಬೇಡ, ಬರುವ ವರ್ಷದಿಂದ ಗುತ್ತಿಗೆಗೆ ಕೊಡುವುದಾದರೆ ತಾನು ನೋಡಿಕೊಳ್ಳುತ್ತೇನೆ ಅಂದರು. ಇವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕಾಫಿ ಹೂ ಆಗುವ ಹೊತ್ತಿಗೆ ಹೇಳುತ್ತೇನೆ ಎಂದು ಸನ್ನೆ ಮಾಡಿದರು. ಕೆಳತೋಟದ ಗಿಡಗಳನ್ನು ಇವರೇ ಸಸಿಯಿಂದ ಬೆಳೆಸಿದ್ದು, ಹಳ್ಳದಿಂದ ಕೊಡದಲ್ಲಿ ನೀರು ಹೊತ್ತು. ಅದನ್ನು ಕೊಟ್ಟರೆ ಇವರು ಕುರ್ಚಿಯಿಂದ ಏಳುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ನನಗೆ ತೋಟದ ಚಿಂತೆ ಅಷ್ಟಿರಲಿಲ್ಲ, ಇವರ ಚಿಂತೆ ಇತ್ತು.

ನಾನು ಮದುವೆಗೆ ಮುಂಚೆ ಚಿಕ್ಕಮಗಳೂರಿನಲ್ಲಿ ಐಟಿಐ ಓದಿದವಳು, ರೇಡಿಯೋ ಟೀವಿ ರಿಪೇರಿ. ಆ ಕಾಲಕ್ಕೆ ಕ್ಲಾಸಿನಲ್ಲಿ ಹುಡುಗಿಯರು ಕಡಿಮೆ. ನನ್ನ ಬೆಸುಗೆ ನೋಡಿ ಮೇಷ್ಟ್ರು ಬೇರೆಯವರಿಗೆ ತೋರಿಸುತ್ತಿದ್ದರು. ಅದನ್ನು ಹೇಳಿಕೊಳ್ಳುವುದಕ್ಕೆ ನನಗೇನೂ ಸಂಕೋಚವಿಲ್ಲ. ಮದುವೆಯಾದ ಮೇಲೆ ಟ್ರಂಕಿನ ತಳ ಸೇರಿದ್ದ ಬೆಸುಗೆ ಕಡ್ಡಿ ಯಾವಾಗಲಾದರೊಮ್ಮೆ ಮಿಕ್ಸಿಗೋ ಟಾರ್ಚಿಗೋ ಹೊರಗೆ ಬರುತ್ತಿತ್ತು, ಅಷ್ಟೆ. ವಸ್ತಾರೆಗೆ ಕೊಟ್ಟ ನಮ್ಮ ಮಗಳು ಫೋನಿನಲ್ಲಿ, "ಅಮ್ಮ, ಟೀಚರ್‌ಗಳು ಸೊಂಟಕ್ಕೆ ಕಟ್ಕೊಳ್ತಾರಲ್ಲ, ಸಣ್ಣ ಸ್ಪೀಕರು, ಬಾಯಿ ಹತ್ರ ಮೈಕು, ಅದನ್ನ ಅಪ್ಪನಿಗೆ ತರಿಸ್ಲಾ?" ಅಂದಳು. ಇವರಿಗೆ ಹೇಳಿದರೆ, "ನಾನೇನು ಸಂತೇಲಿ ಹರಾಜು ಕೂಗ್ಬೇಕಾ?" ಎಂದು ಮುಖ ತಿರುಗಿಸಿದರು. ಆ ಸೊಂಟದ ಡಬ್ಬಿ ತೋಟದಲ್ಲಿ ಬಾಳಿಕೆಯೂ ಬರುತ್ತಿರಲಿಲ್ಲ ಬಿಡಿ. ಒಂದು ಬೆಳಗಿನ ಇಬ್ಬನಿಗೆ ಅದರ ಕಥೆ ಮುಗಿಯುತ್ತಿತ್ತು.

ಹಾಗಿದ್ದರೆ ಹಾಡು? ಹಾಡಿಗೆ ಯಾರೂ ಮುಖ ತಿರುಗಿಸುವುದಿಲ್ಲ. ಹಾಡು ಹೊತ್ತುಕೊಂಡು ಹೋದರೆ ಇವರು ಎಲ್ಲಿದ್ದಾರೆ ಅಂತ ನನಗೆ ಗೊತ್ತಾಗುತ್ತದೆ, ಆನೆಗೂ ಗೊತ್ತಾಗುತ್ತದೆ. ಮೈಕಿನ ವಿಷಯ ಆಮೇಲೆ ನೋಡಿಕೊಂಡರಾಯಿತು. ಇದು ನನ್ನ ಲೆಕ್ಕಾಚಾರ.

ಶೆಡ್ಡಿನಲ್ಲಿ ಬ್ಯಾಟರಿಯ ಔಷಧಿ ಕ್ಯಾನು ಬಿದ್ದಿತ್ತು. ಗಿಡಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಬೆನ್ನಿಗೆ ಹಾಕಿಕೊಳ್ಳುವ ಆ ಪ್ಲಾಸ್ಟಿಕ್ ಕ್ಯಾನು. ಪಂಪು ಸುಟ್ಟುಹೋಗಿತ್ತು, ಕೆಳಗಿನ ಬ್ಯಾಟರಿ ಗಟ್ಟಿಯಾಗಿಯೇ ಇತ್ತು. ಅದನ್ನು ನೋಡುತ್ತಾ ನಿಂತಾಗ ಬೇರೆ ಏನೂ ಬೇಡ ಅನ್ನಿಸಿತು. ಹೊರಲು ಎರಡು ಪಟ್ಟಿ ಅದಕ್ಕೇ ಇವೆ. ಚಾರ್ಜು ಮಾಡುವ ತೂತಿದೆ, ಸ್ವಿಚ್ಚಿದೆ. ಬಂಡೆಯ ಮೇಲೆ ಬಿದ್ದರೂ ಒಡೆಯುವುದಿಲ್ಲ. ಮೇಲಿನ ಮುಚ್ಚಳ ತಿರುವಿದರೆ ನನ್ನ ಕೈ ಮೊಣಕೈವರೆಗೆ ಒಳಗೆ ಹೋಗುತ್ತದೆ, ಬಿಗಿ ಮಾಡಿದರೆ ಮಳೆ ನೀರು ಒಂದು ಹನಿ ಇಳಿಯುವುದಿಲ್ಲ. ಇಷ್ಟು ವರ್ಷ ಇದು ಸ್ಪೀಕರಾಗುವುದಕ್ಕೇ ಕಾಯುತ್ತಿತ್ತೇನೋ ಅನ್ನುವ ಹಾಗಿತ್ತು.

ಕ್ಯಾನನ್ನು ಚೆನ್ನಾಗಿ ತೊಳೆದೆ. ತೊಳೆದೆ ಅಂತ ಆಗ ಅಂದುಕೊಂಡಿದ್ದೆ. ಮೂಡಿಗೆರೆಯ ಗುಜರಿಯಲ್ಲಿ ಹಳೆಯ ಜೀಪಿನ ಬಾಗಿಲಿಗೆ ಇದ್ದ ಸ್ಪೀಕರು ಸಿಕ್ಕಿತು. ಅದರ ಕಾಗದ ಹರಿದಿರಲಿಲ್ಲ, ಅದೇ ದೊಡ್ಡದು. ಹಾಡು ನುಡಿಸುವ ಬ್ಲೂಟೂತ್ ಬೋರ್ಡನ್ನು ಮಗಳು ತರಿಸಿದಳು. ಕೊರಿಯರಿನವನು ಅದನ್ನು ಬಣಕಲ್ಲಿನ ಬೇಕರಿಯಲ್ಲಿ ಕೊಟ್ಟು ಹೋಗಿದ್ದ. ಆ ಬೋರ್ಡಿನಲ್ಲಿ ಮೈಕು ಸಿಕ್ಕಿಸುವ ತೂತೂ ಇತ್ತು. ಪೊಟ್ಟಣದ ಜೊತೆ ತಲೆಗೆ ಸಿಕ್ಕಿಸುವ ಒಂದು ಮೈಕನ್ನೂ ಅವಳು ಕೇಳದೆಯೇ ಸೇರಿಸಿದ್ದಳು. ಮಗಳು ನನ್ನ ಹಾಗೆಯೇ.

ಮಳೆ ನಿಂತಿತ್ತು. ಕಣಕ್ಕೆ ಬಿಸಿಲು ಬೀಳತೊಡಗಿತ್ತು. ಗೋಡೆಗೊರಗಿ, ಕಾಲು ಚಾಚಿ, ಕ್ಯಾನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೆಲಸಕ್ಕೆ ಕೂರುತ್ತಿದ್ದೆ. ಕೆಂಡದಲ್ಲಿ ಕಾಯಿಸಿದ ಚಾಕುವಿನಿಂದ ಪ್ಲಾಸ್ಟಿಕ್ ಕೊಯ್ದು ಸ್ಪೀಕರಿಗೆ ಗುಂಡಗೆ ಬಾಯಿ ತೆಗೆದೆ. ಪ್ಲಾಸ್ಟಿಕ್ ತೆಳ್ಳಗಿದ್ದರೆ ಹಾಡಿನ ಜೊತೆ ತಾನೂ ಗಡಗಡ ಅನ್ನುತ್ತದೆ. ಅದಕ್ಕೆ ಒಳಗೆ ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಮರದ ಹಲಗೆಯಿಂದ ಕೊರೆದ ಬಳೆಯೊಂದನ್ನು ಸ್ಕ್ರೂ ಹಾಕಿ ಕೂರಿಸಿದೆ, ಉಳಿದ ಗೋಡೆಗೆಲ್ಲ ಕಾಫಿ ಚೀಲದ ಗೋಣಿ ಅಂಟಿಸಿದೆ. ಸ್ಪೀಕರಿನ ಸುತ್ತ ಸೈಕಲ್ ಟ್ಯೂಬಿನ ರಬ್ಬರು. ಕರೆಂಟು ಹೋದಾಗ ಒಲೆಯಲ್ಲಿ ತಾಮ್ರದ ಸರಳು ಕಾಯಿಸಿ ಬೆಸುಗೆ ಹಾಕುತ್ತಿದ್ದೆ, ಮೇಷ್ಟ್ರು ನೋಡಿದ್ದರೆ ಖುಷಿಪಡುತ್ತಿದ್ದರು. ಬೆಸುಗೆಯ ಹೊಗೆ ಮೂಗಿಗೆ ಬಡಿದರೆ ಸಾಕು, ನನಗೆ ಎರಡು ಜಡೆಯ ವಯಸ್ಸು ಬಂದುಬಿಡುತ್ತಿತ್ತು. ತಲೆಯೆತ್ತಿದರೆ ಎದುರಿಗೆ ಕುರ್ಚಿಯಲ್ಲಿ ನರೆಗೂದಲಿನ ಗಂಡ. ಅವರು ಯಾರು ಎಂದು ಒಂದು ಗಳಿಗೆ ಹೊಳೆಯುತ್ತಲೇ ಇರಲಿಲ್ಲ. ಅವರೂ ನನ್ನನ್ನು ಹಾಗೆಯೇ ನೋಡುತ್ತಿದ್ದರು, ಯಾರ ಮನೆಯ ಹುಡುಗಿ ಇವಳು ಅನ್ನುವ ಹಾಗೆ.

ಮೊದಲ ಸಲ ಹಾಡು ಹೊರಟಾಗ ನಾಯಿ ಎದ್ದು ನಿಂತು ಬೊಗಳಿತು. ಇವರು ಬಂದು ಕ್ಯಾನಿನ ಮೇಲೆ ಅಂಗೈ ಇಟ್ಟರು. ಒಳಗೆ ಏನೋ ಜೀವ ಓಡಾಡುವುದನ್ನು ಮುಟ್ಟಿ ನೋಡುವ ಹಾಗೆ, ಹಾಡು ಮುಗಿಯುವವರೆಗೆ ಕೈ ತೆಗೆಯಲಿಲ್ಲ. ಮುಖ ಅರಳಿತ್ತು. ನಾನು ಅಲ್ಲಿಗೇ ನಿಲ್ಲಿಸಬೇಕಾಗಿತ್ತು. ನಿಲ್ಲಿಸಿದರೆ ನಾನು ನಾನಾಗುತ್ತೇನೆಯೇ? ಅವತ್ತೇ ಒಳಗೆ ಕರೆದುಕೊಂಡು ಹೋಗಿ ಮೈಕು ಸಿಕ್ಕಿಸಿ ಅವರ ಬಾಯಿಯ ಹತ್ತಿರ ತಂದು "ಏನಾದ್ರೂ ಮಾತಾಡಿ" ಅಂದೆ. ಬಾಗಿಲು ಹಾಕಿದ ಕೋಣೆಯಲ್ಲಿ ಅದು ಮೊದಲು ಕುಯ್ಯೋ ಎಂದು ಕಿರುಚಿತು. ಆಮೇಲೆ ಅವರ ಪಿಸುದನಿ ಹರಿದ ಬಟ್ಟೆಯನ್ನು ಇನ್ನಷ್ಟು ಹರಿದ ಹಾಗೆ ಬಂತು. ಬೋರ್ಡಿನಲ್ಲಿ ಮಾತನ್ನು ಮರುಕಳಿಸುವ ಗುಂಡಿ ಒಂದಿತ್ತು, ಅದನ್ನು ಇಳಿಸಲು ನಾನು ಮರೆತಿದ್ದೆ. "ಏನು ಮಾತಾಡ್ಲಿ" ಅನ್ನುವುದು ಗೋಡೆಯಿಂದ ಗೋಡೆಗೆ ಮತ್ತೆ ಮತ್ತೆ ಬಡಿಯಿತು.

ಅವರು ಮೈಕು ಕಿತ್ತು ನನ್ನ ಮಡಿಲಿಗೆ ಹಾಕಿದರು.

"ಇದು ನನ್ನ ದನಿ ಅಲ್ಲ."

"ಮತ್ತೆ ಯಾರದ್ದು, ಪಕ್ಕದ ಮನೆಯೋರದ್ದಾ?" ಅಂದೆ ನಾನು. ಸಿಟ್ಟು ಬಂದಿತ್ತು.

"ನನಗೆ ಇದು ಬ್ಯಾಡ. ಹಾಡು ಸಾಕು."

ಹಾಡು ಸಾಕು ಅಂದರಲ್ಲ, ಅಷ್ಟಾದರೂ ಅಂದರಲ್ಲ. ಮೈಕನ್ನು ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ ಸುಮ್ಮನಾದೆ.

ಮಾರನೆಯ ದಿನ ಅವರು ಕ್ಯಾನು ಬೆನ್ನಿಗೆ ಹಾಕಿಕೊಂಡು ಕಣದ ಅಂಚು ದಾಟಿ ಕೆಳಗಿಳಿದರು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ದೂರದಿಂದ ಔಷಧಿ ಹೊಡೆಯಲು ಹೊರಟವರ ಹಾಗೆಯೇ ಕಾಣುತ್ತಿದ್ದರು, ಔಷಧಿಯ ಬದಲು ಹಾಡು ಸಿಂಪಡಿಸುತ್ತಾ.

ಕಾಫಿ ಕುಯ್ಲಿನ ಆ ಚಳಿಗಾಲವಿಡೀ ನಾನು ಕಿವಿಯಲ್ಲೇ ಬದುಕಿದೆ. ಹಣ್ಣು ಕುಯ್ಯುವವರು ಇದ್ದಷ್ಟು ದಿನ ಅವರ ಮಾತು, ನಗು ಹಾಡಿನ ಜೊತೆ ಕಲಸಿಹೋಗುತ್ತಿತ್ತು. ಅವರ ಕೆಲಸ ಮುಗಿದ ಮೇಲೆ ಹಾಡೊಂದೇ ಉಳಿಯಿತು. ಬೆಳಗಿನ ಮಂಜಿನಲ್ಲಿ ತೋಟ ಕಾಣುವುದಿಲ್ಲ, ಸಿಲ್ವರ್ ಮರದ ತುದಿಗಳು ಮಾತ್ರ ಅಲ್ಲೊಂದು ಇಲ್ಲೊಂದು ತೇಲುತ್ತಿರುತ್ತವೆ. ಆ ಬಿಳುಪಿನೊಳಗೆ ಹಳೆಯ ಸಿನಿಮಾ ಹಾಡು ತಾನೇ ತಾನಾಗಿ ನಡೆದಾಡುತ್ತಿತ್ತು. ಈಗ ಅತ್ತಿಮರದ ತಿರುವು. ಈಗ ಬಂಡೆಯ ಹಿಂದೆ, ಅದಕ್ಕೇ ಹಾಡುವವಳ ದನಿ ಮರೆಯಾಗಿ ತಬಲಾದ ಗುಮ್ಮು ಮಾತ್ರ ಬರುತ್ತಿದೆ. ಈಗ ಮೆಣಸಿನ ಬಳ್ಳಿ ನೋಡುತ್ತಾ ನಿಂತಿದ್ದಾರೆ, ಹಾಡು ಅಲುಗುತ್ತಿಲ್ಲ. ದೋಸೆ ಹುಯ್ಯುವಾಗ, ಬಟ್ಟೆ ಹಿಂಡುವಾಗ, ಕಣದಲ್ಲಿ ಕಾಲಿನಿಂದ ಕಾಫಿ ತಿರುವುವಾಗ, ನನ್ನ ಮನಸ್ಸಿನ ಒಂದು ತುದಿ ಆ ಹಾಡಿನ ಹಿಂದೆ ಗಿಡಗಳ ನಡುವೆ ಹೋಗುತ್ತಿತ್ತು. ಎಷ್ಟೋ ಸಲ ನಾನು ಅಲ್ಲಿ, ಅವರ ಪಕ್ಕದಲ್ಲಿ, ಒದ್ದೆ ಎಲೆ ತಾಗಿಸಿಕೊಂಡು ನಡೆಯುತ್ತಿದ್ದೇನೆ ಅನ್ನಿಸಿ, ಬೆಚ್ಚಿ ನೋಡಿದರೆ ಒಲೆಯ ಮುಂದೆ ಇರುತ್ತಿದ್ದೆ. ದೋಸೆ ಸೀದಿರುತ್ತಿತ್ತು.

ಜೇಬಿನ ಮೊಬೈಲಿನಲ್ಲಿ ತುಂಬಿಸಿಟ್ಟಿದ್ದ ಹಾಡುಗಳಲ್ಲಿ ಯಾವುದು ಎಂದು ಅವರೇ ಆರಿಸುತ್ತಿದ್ದರು. ಯಕ್ಷಗಾನದ ಭಾಗವತಿಕೆ ಹಾಕಿದರೆ ಆವತ್ತು ಮೈ ಹಗುರವಾಗಿದೆ ಎಂದರ್ಥ; ಭಜನೆಯಾದರೆ ಮನಸ್ಸು ಸರಿಯಿಲ್ಲ. ಹಾಗೆಂದು ಅವರು ನನಗೆ ಹೇಳಿದ್ದಲ್ಲ. ನನಗೆ ಗೊತ್ತಾಗುತ್ತಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಇಷ್ಟು ಗಮನವಿಟ್ಟು ನಾನು ಅವರನ್ನು ಎಂದೂ ಕೇಳಿರಲಿಲ್ಲ. ದನಿ ಇದ್ದಾಗ ಕೇಳುವ ಅಗತ್ಯವೇ ಬಿದ್ದಿರಲಿಲ್ಲ.

ಒಂದು ಬೆಳಿಗ್ಗೆ ಹಾಡು ಅರ್ಧದಲ್ಲಿ ಕರಕರ ಅಂದು ನಿಂತಿತು.

ಇನ್ನೊಂದು ಹಾಡು ಶುರುವಾದೀತು ಎಂದು ಕಾದೆ. ಆಗಲಿಲ್ಲ. ಒಲೆ ಆರಿಸಿ ಕಣದ ತುದಿಗೆ ಬಂದು "ಕೂ…" ಅಂದೆ. ಏನೂ ಇಲ್ಲ. ಇರುವುದಿಲ್ಲ ಎಂದು ಗೊತ್ತಿತ್ತು, ಆದರೂ ಅಂದೆ. ಆಮೇಲೆ ಬರಿಗಾಲಿನಲ್ಲಿ ಇಳಿದೆ. ಮಂಜು ಇನ್ನೂ ಎದ್ದಿರಲಿಲ್ಲ. ಗಿಡಗಳು ಎದೆಮಟ್ಟಕ್ಕೆ ಎರಡೂ ಕಡೆ ಮುಚ್ಚಿಕೊಂಡಿದ್ದವು. "ಎಲ್ಲಿದೀರಿ? ರೀ, ಎಲ್ಲಿದೀರಿ?" ಎಂದು ಕೂಗುತ್ತಾ ಅತ್ತಿಮರದ ಕಡೆ ಹೋದೆ, ಅಲ್ಲಿಂದ ಬಂಡೆಯ ಕಡೆ, ಅಲ್ಲಿಂದ ಹಳ್ಳದ ಕಡೆ. ಎಲ್ಲೋ ಮರಕುಟಿಗ ಮರ ಬಡಿಯುತ್ತಿತ್ತು. ಅದರ ಮೇಲೂ ಸಿಟ್ಟು ಬಂತು, ಇದಕ್ಕೆ ಈಗಲೇ ಆಗಬೇಕಾ ಎಂದು. ಹಳ್ಳದಲ್ಲಿ ನೀರು ಹರಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು ಜೋರಾಗಿ ಅತ್ತೆ. ಕಳೆದ ಮಳೆಗಾಲದಿಂದ ಮೆತ್ತಗೆ ಅತ್ತದ್ದೆಲ್ಲ ಆಗ ಒಟ್ಟಿಗೆ ಬಂತು ಅಂತ ಕಾಣುತ್ತದೆ.

ಹೆಗಲಿನ ಮೇಲೆ ಕೈ ಬಿತ್ತು. ಇವರು. ಏದುಸಿರು ಬಿಡುತ್ತಿದ್ದರು. ಮುಖವೆಲ್ಲ ಬೆವರು, ಕೈಯಲ್ಲಿ ಒಂದು ಕೋಲು. ಏನೂ ಆಗಿರಲಿಲ್ಲ ಅವರಿಗೆ. ಹಾಡು ನಿಂತಿತ್ತು, ಅಷ್ಟೆ.

ಮನೆಗೆ ಬಂದ ಮೇಲೆ ಇವರಿಗೆ ಕಾಫಿ ಕೊಟ್ಟೆ. ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತು ಹೇಳಿದರು.

"ನೀ ಕರೆದದ್ದೆಲ್ಲ ಕೇಳ್ತಿತ್ತು. ಇಲ್ಲೇ ಇದೀನಿ, ಇಲ್ಲೇ ಇದೀನಿ ಅಂತ ಹೇಳ್ತಾನೇ ಇದ್ದೆ. ನೀ ನನ್ನ ಪಕ್ಕದ ಸಾಲಲ್ಲೇ ಹೋದೆ. ನಾ ಬೆನ್ನ ಹಿಂದೆ ಬಂದ್ರೆ ನೀ ಇನ್ನೊಂದ್ ಕಡೆ ತಿರುಗ್ದೆ. ಕೋಲಲ್ಲಿ ಮರಕ್ಕೆ ಬಡಿದೆ."

"ಅದು ನೀವಾ? ನಾ ಮರಕುಟಿಗ ಅಂದ್ಕೊಂಡೆ."

ಆ ಮಾತಿಗೆ ಇಬ್ಬರಿಗೂ ನಗು ಬಂತು. ಅವರ ನಗುವಿಗೂ ದನಿಯಿಲ್ಲ, ಭುಜ ಮಾತ್ರ ಅಲುಗುತ್ತವೆ. ಆದರೆ ನಗು ನಿಂತ ಮೇಲೆ ಅವರು ಲೋಟ ಕೆಳಗಿಟ್ಟು, "ನೀ ಅಳ್ತಾ ದೂರ ಹೋಗ್ತಾ ಇದ್ದೆ. ನನ್ಹತ್ರ ಒಂದು ಓ ಇರ್ಲಿಲ್ಲ" ಅಂದರು. "ಹೂ ಆಗ್ಲಿ. ಆಚೆ ಗುಡ್ಡದವನಿಗೆ ಕೊಟ್ಟುಬಿಡೋಣ ಕೆಳತೋಟ."

ನಾನು ವಾದ ಮಾಡಲಿಲ್ಲ. ವಾದ ಮಾಡದಿದ್ದದ್ದು ಅವರಿಗೇ ಆಶ್ಚರ್ಯವಾಗಿರಬೇಕು.

ಕ್ಯಾನಿನ ಮುಚ್ಚಳ ತೆಗೆದು ನೋಡಿದಾಗ ನನ್ನ ತಪ್ಪು ಕಂಡಿತು. ಸ್ಪೀಕರಿನ ತಂತಿ ಸೇರುವ ಕಡೆಯೆಲ್ಲ ಕಿಲುಬು ಹಸಿರು ಹೂ ಬಿಟ್ಟಿತ್ತು. ಮೂಲೆಗಳಲ್ಲಿ, ಪ್ಲಾಸ್ಟಿಕ್ಕಿನ ಮಡಿಕೆಗಳಲ್ಲಿ ವರ್ಷಗಟ್ಟಲೆಯ ಬೋರ್ಡೋ ಒಣಗಿ ಕೂತಿತ್ತು. ಗೋಣಿ ಅಂಟಿಸುವಾಗ ಅದನ್ನು ಹಾಗೇ ಮುಚ್ಚಿಬಿಟ್ಟಿದ್ದೆ. ಹಳ್ಳದ ಕಡೆಯ ತೇವಕ್ಕೆ ಅದು ಮೆಲ್ಲಗೆ ಕರಗಿ, ತಂತಿಯನ್ನೂ ಬೆಸುಗೆಯನ್ನೂ ತಿನ್ನುತ್ತಾ ಹೋಗಿದೆ. ಐಟಿಐನಲ್ಲಿ ಕಲಿತದ್ದೇನೋ ಸರಿ, ಔಷಧಿ ಕ್ಯಾನಿನಲ್ಲಿ ರೇಡಿಯೋ ಕಟ್ಟುವುದನ್ನು ಯಾವ ಮೇಷ್ಟ್ರೂ ಕಲಿಸುವುದಿಲ್ಲವಲ್ಲ. ಎಲ್ಲ ಬಿಚ್ಚಿ, ಗೋಣಿ ಕಿತ್ತು, ಸಾರಿಗೆ ಹಾಕುವ ವಾಟೆಹುಳಿಯನ್ನು ಬಿಸಿನೀರಿನಲ್ಲಿ ನೆನೆಸಿ ಆ ನೀರು ತುಂಬಿಸಿ ರಾತ್ರಿಯಿಡೀ ಬಿಟ್ಟೆ. ಮಾರನೆಯ ದಿನ ಚೆಲ್ಲಿದಾಗ ನೀರು ತಿಳಿನೀಲಿಯಾಗಿತ್ತು, ನೋಡಲು ಎಷ್ಟು ಚೆಂದ ಇತ್ತೆಂದರೆ ಚೆಲ್ಲಲು ಮನಸ್ಸಾಗಲಿಲ್ಲ. ಬಿಸಿಲಿಗಿಟ್ಟು ಒಣಗಿಸಿ, ಹೊಸ ತಂತಿ ಹಾಕಿ, ಬೆಸುಗೆಯ ಮೇಲೆಲ್ಲ ಮೇಣ ಕರಗಿಸಿ ಬಿಟ್ಟೆ. ಮಾತು ಮರುಕಳಿಸುವ ಗುಂಡಿಯನ್ನು ಪೂರ್ತಿ ಇಳಿಸಿ, ಮತ್ತೆ ಏಳದ ಹಾಗೆ ಅಂಟು ಹಾಕಿದೆ.

ನಾನು ಮಾಡುವುದನ್ನು ಅವರು ಕುರ್ಚಿಯಿಂದ ನೋಡುತ್ತಿದ್ದರು.

"ಅವತ್ತು ಕುಯ್ಯೋ ಅಂತ ಯಾಕೆ ಕೂಗಿದ್ದು ಅದು?"

"ತನ್ನ ದನಿ ತಾನೇ ಕೇಳಿಸ್ಕೊಂಡ್ರೆ ಹಾಗೆ ಕೂಗ್ತದೆ. ಕೋಣೆಯೊಳಗೆ ಹಾಗೇ ಆಗೋದು."

"ಬಯಲಲ್ಲಿ?"

"ಬಯಲಲ್ಲಿ ಕೇಳೋರು ಬೇರೆ ಇರ್ತಾರಲ್ಲ" ಅಂದೆ. ತಲೆಯೆತ್ತಲಿಲ್ಲ. ತಲೆಯೆತ್ತಿದ್ದರೆ ಅವರು ಆ ಮಾತು ಅಲ್ಲಿಗೇ ಬಿಡುತ್ತಿದ್ದರು.

ಅವರು ಮತ್ತೆ ಹಾಡು ಹೊತ್ತು ತೋಟಕ್ಕೆ ಹೋಗತೊಡಗಿದರು, ಆದರೆ ಅತ್ತಿಮರದ ತಿರುವಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಹಾಡು ಅಲ್ಲೇ ಸುತ್ತಾಡಿ ಮನೆಗೆ ಬರುತ್ತಿತ್ತು.

ಹೂಮಳೆ ಬಂತು. ಬಂದ ಕೆಲವು ದಿನಕ್ಕೆ ತೋಟವೆಲ್ಲ ಬೆಳ್ಳಗಾಯಿತು. ಕಾಫಿ ಹೂವಾದಾಗ ನಮ್ಮ ಕಡೆ ಜನ ಸ್ವಲ್ಪ ಮಂಕಾಗುತ್ತಾರೆ. ಆ ವಾಸನೆಯಲ್ಲಿ ಯಾವ ಕೆಲಸಕ್ಕೂ ಮೈ ಬಗ್ಗುವುದಿಲ್ಲ. ಜೇನ್ನೊಣದ ಗುಂಯ್ ಎನ್ನುವ ಸದ್ದು ಗುಡ್ಡದ ಒಳಗಿನಿಂದಲೇ ಬಂದ ಹಾಗೆ ಕೇಳಿಸುತ್ತದೆ. ಆವತ್ತು ಬೆಳಿಗ್ಗೆ ನಾನು ಹಿತ್ತಲಿನಲ್ಲಿದ್ದಾಗ ಇವರು ಹೊರಟುಹೋಗಿದ್ದರು. ಬಂದು ನೋಡಿದರೆ ಕುರ್ಚಿ ಖಾಲಿ, ಕ್ಯಾನು ಇಲ್ಲ. ಬಾಗಿಲ ಪಕ್ಕದ ಮೊಳೆಯಲ್ಲಿ ಮೈಕೂ ಇಲ್ಲ. ಕಿವಿಗೊಟ್ಟು ಕೇಳಿದೆ, ಹಾಡೂ ಇಲ್ಲ. ಕಾಲು ಓಡಲು ನೋಡಿತು. ಬೇಡ ಎಂದು ಅದನ್ನು ಗಟ್ಟಿಯಾಗಿ ಹಿಡಿದು ಬಸಳೆ ಸೊಪ್ಪು ಬಿಡಿಸಲು ಕೂತೆ. ಬಸಳೆ ಬಿಡಿಸಿದೆ, ಸಾರು ಮಾಡಿದೆ, ಅನ್ನ ಬಸಿದೆ. ಗುಡ್ಡ ಜೇನ್ನೊಣದ್ದು ಬಿಟ್ಟರೆ ಬೇರೇನೂ ಹೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆಚೆ ಗುಡ್ಡದ ಮೈದುನ ಬಂದರು. ಹೂವಾಯಿತಲ್ಲ, ಗುತ್ತಿಗೆಯ ಮಾತು ಮುಗಿಸಿಕೊಂಡು ಹೋಗಲು ಬಂದವರು. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟೆ. "ಅಣ್ಣ ಎಲ್ಲಿ ಅತ್ತಿಗೆ?" ಅಂದರು. "ಬರ್ತಾರೆ" ಅಂದೆ. ಅದು ಸಾಲದು ಎಂದು ತೋರಿ ಇನ್ನೊಮ್ಮೆ "ಬರ್ತಾರೆ" ಅಂದೆ.

ಮೊದಲು ಬಂದದ್ದು ಉಸಿರು. ಗುಡ್ಡದಷ್ಟು ದೊಡ್ಡ ಉಸಿರು, ಹಳ್ಳದ ಕಡೆಯಿಂದ, ಕೆಳತೋಟದ ತಳದಿಂದ. ಹೂವಿನ ಮೇಲಿಂದ ಅದು ಹತ್ತಿ ಬಂತು. ಮೈದುನ ಲೋಟವನ್ನು ಬಾಯಿಯ ಹತ್ತಿರ ಹಿಡಿದವರು ಹಾಗೇ ನಿಲ್ಲಿಸಿದರು.

"ಏ…" ಅಂದಿತು ಗುಡ್ಡ. "ಇವಳೇ… ಸಾರು ಎಂತದು ಮಾಡಿದೀಯಾ…"

ಅದು ಅವರ ಹಳೆಯ ದನಿಯಲ್ಲ. ಹಳೆಯ ದನಿ ತಮ್ಮಟೆಯ ಹಾಗಿತ್ತು. ಇದು ಒಣಗಿದ ಎಲೆಯ ಮೇಲೆ ಯಾರೋ ನಡೆದು ಬಂದ ಹಾಗೆ. ಒರಟು, ಒಡಕು. ಆದರೆ ಮಾತಿನ ಕೊನೆಯನ್ನು ಹಾಗೆ ಎಳೆಯುವವರು ಈ ಲೋಕದಲ್ಲಿ ಒಬ್ಬರೇ. ನಾನು ಸೌಟು ಹಿಡಿದುಕೊಂಡೇ ಕಣದ ತುದಿಗೆ ಓಡಿದ್ದೆ. ಕಣ್ಣು ತುಂಬಿ ತೋಟವೆಲ್ಲ ಬರೀ ಬಿಳಿಯಾಗಿ ಕಾಣುತ್ತಿತ್ತು.

ಮೈದುನ ಹಿಂದೆ ಬಂದು ನಿಂತರು. ಸ್ವಲ್ಪ ಹೊತ್ತು ಕೆಳಗೆ ನೋಡಿದರು. "ನಾ ಹೊರಡ್ತೀನಿ ಅತ್ತಿಗೆ. ಕೆಳತೋಟ ಅಣ್ಣನ ಹತ್ರನೇ ಇರ್ಲಿ" ಅಂದರು.

ನಾನು ಬಾಯಿ ತೆರೆದೆ. ಬಸಳೆ ಸಾರು ಎಂದು ಹೇಳಬೇಕು, ಅಷ್ಟೆ. ಕೈಯನ್ನು ಬಾಯಿಗೆ ಆನಿಸಿದವಳು ಯಾಕೋ ಇಳಿಸಿದೆ.

"ಏ… ಕೇಳ್ತದಾ…"

"ಅಣ್ಣ ಕರೀತಿದಾರೆ, ಓ ಅನ್ನಿ ಅತ್ತಿಗೆ. ಕೇಳಿಸ್ಲಿಲ್ವಾ ನಿಮಗೆ?" ಅಂದರು ಮೈದುನ.

ಕೇಳಿಸಿತ್ತು. ಚೆನ್ನಾಗಿ ಕೇಳಿಸಿತ್ತು. ತುಟಿಯ ಮೇಲೆ ಬೆರಳಿಟ್ಟು ಅವರನ್ನು ಸುಮ್ಮನಾಗಿಸಿ, ಕೇಳಿಸದವಳ ಹಾಗೆ ನಿಂತೆ, ಇನ್ನೊಂದು ಸಲ ಕರೆಯಲಿ ಎಂದು.